ದಾರಿ ಕಡಿದವನಿಗೆ ಜಾಗ ಉಳಿಯಲಿಲ್ಲ: ಡೇನಿಯಲ್ ಬೂನ್ ಕಥೆ

ಕೆಎಫ್‌ಸಿ ಹೆಸರಿನ ಮೊದಲ ಅಕ್ಷರ ಕೆಂಟಕಿ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೆ ಕೆಂಟಕಿ ಅನ್ನೋದು ಅಮೆರಿಕದ ಒಂದು ರಾಜ್ಯ, ಆ ರಾಜ್ಯಕ್ಕೆ ಜನ ಹೋಗೋ ದಾರಿಯನ್ನು ಕೊಡಲಿ ಹಿಡಿದು ಕಡಿದವನು ಒಬ್ಬ ಬೇಟೆಗಾರ ಅನ್ನೋದು ನಮಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ. ಅವನ ಹೆಸರು ಡೇನಿಯಲ್ ಬೂನ್. ಅಮೆರಿಕದ ಮಕ್ಕಳಿಗೆ ಅವನು ಹಳೆಯ ಹೀರೋ. ಉದ್ದನೆಯ ಕೋವಿ, ಚರ್ಮದ ಅಂಗಿ, ತಲೆಯ ಮೇಲೆ ರಕೂನ್ ಅನ್ನೋ ಪ್ರಾಣಿಯ ತುಪ್ಪಳದ ಟೋಪಿ, ಹಿಂದೆ ಜೋತುಬಿದ್ದ ಬಾಲ. ಇದೇ ಅವನ ಚಿತ್ರ.

ತಮಾಷೆ ಏನಂದ್ರೆ ಬೂನ್ ಆ ಟೋಪಿ ಹಾಕುತ್ತಲೇ ಇರಲಿಲ್ಲ. ಅವನದು ಅಗಲ ಅಂಚಿನ ಸಾದಾ ಫೆಲ್ಟ್ ಟೋಪಿ. ಟೋಪಿಯೇ ಸುಳ್ಳಾದರೆ ಉಳಿದದ್ದರಲ್ಲಿ ಎಷ್ಟು ನಿಜ ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಹೀರೋ ಕಥೆಗಿಂತ ಬೇರೆಯದೇ ಕಥೆ. ಲಕ್ಷಾಂತರ ಜನರಿಗೆ ಜಮೀನಿನ ದಾರಿ ತೋರಿಸಿದವನು ತನ್ನ ಹೆಸರಿನಲ್ಲಿ ಅಲ್ಲಿ ಒಂದು ಎಕರೆಯನ್ನೂ ಉಳಿಸಿಕೊಳ್ಳಲಾಗದ ಕಥೆ. ಸರ್ವೇ ಲ್ಯಾಬ್‌ನಲ್ಲಿ ಚೈನ್ ಎಳೆದು ಬೇಜಾರಾದವರು ಇದನ್ನು ಕಡೆಯವರೆಗೆ ಓದಿ, ನಿಮ್ಮ ಸಬ್ಜೆಕ್ಟ್ ಕೂಡ ಇದರೊಳಗೆ ಬರುತ್ತೆ.

ಸ್ಕೂಲಿಗಿಂತ ಕಾಡೇ ಹತ್ತಿರ

ಬೂನ್ ಹುಟ್ಟಿದ್ದು 1734ರ ನವೆಂಬರ್ 2ರಂದು, ಪೆನ್ಸಿಲ್ವೇನಿಯಾದಲ್ಲಿ. ಆಗ ಅಮೆರಿಕ ಅನ್ನೋ ದೇಶವೇ ಇರಲಿಲ್ಲ, ಇದ್ದದ್ದು ಬ್ರಿಟಿಷರ ವಸಾಹತುಗಳು. ಅಪ್ಪ ಸ್ಕ್ವೈರ್ ಬೂನ್ ಇಂಗ್ಲೆಂಡಿನಿಂದ ಬಂದವನು, ಅಮ್ಮ ಸಾರಾ ಮೋರ್ಗನ್. ಹನ್ನೊಂದು ಮಕ್ಕಳಲ್ಲಿ ಇವನು ಆರನೆಯವನು. ಮನೆಯವರು ಕ್ವೇಕರ್ ಪಂಥದವರು, ಅಂದರೆ ಜಗಳ ಯುದ್ಧ ಬೇಡ ಅನ್ನೋ ಶಾಂತಿಪ್ರಿಯರು. ಆದರೆ ದೊಡ್ಡ ಮಕ್ಕಳು ಪಂಥದ ಹೊರಗೆ ಮದುವೆಯಾದಾಗ ಅಪ್ಪನಿಗೂ ಪಂಥದವರಿಗೂ ಸರಿಬರಲಿಲ್ಲ. 1750ರಲ್ಲಿ ಇಡೀ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟಿತು. ಕೊನೆಗೆ ನೆಲೆಸಿದ್ದು ನಾರ್ತ್ ಕೆರೊಲಿನಾದ ಯಾಡ್ಕಿನ್ ನದಿಯ ಕಣಿವೆಯಲ್ಲಿ.

ಬೂನ್ ಸ್ಕೂಲಿಗೆ ಹೋಗಿದ್ದು ಕಮ್ಮಿ. ಹಾಗಂತ ಅನಕ್ಷರಸ್ಥ ಅಲ್ಲ. ಓದೋದು ಬರೆಯೋದು ಬರುತ್ತಿತ್ತು, ಸ್ಪೆಲ್ಲಿಂಗ್ ಮಾತ್ರ ಅವನ ಇಷ್ಟದ್ದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಈಗ ಕನ್ನಡದಲ್ಲಿ ಬರೆಯಲು ಕೂತು ಒತ್ತಕ್ಷರದ ಮುಂದೆ ಒದ್ದಾಡೋ ನಮಗೆ ಅವನ ಕಷ್ಟ ಚೆನ್ನಾಗಿ ಅರ್ಥವಾಗುತ್ತೆ. ಬೇಟೆಗೆ ಹೋಗುವಾಗ ಅವನ ಜೊತೆ ಪುಸ್ತಕ ಇರುತ್ತಿತ್ತು. ಬೈಬಲ್ ಇರುತ್ತಿತ್ತು, ಗಲಿವರನ ಪ್ರವಾಸದ ಕಥೆಯೂ ಇರುತ್ತಿತ್ತು. ರಾತ್ರಿ ಬೆಂಕಿಯ ಪಕ್ಕ ಅವನು ಓದುತ್ತಿದ್ದ, ಜೊತೆಯವರು ಕೇಳುತ್ತಿದ್ದರು. ಕೆಂಟಕಿಯಲ್ಲಿ ಇವತ್ತಿಗೂ ಲುಲ್ಬೆಗ್ರಡ್ ಅಂತ ಒಂದು ಹಳ್ಳ ಇದೆ. ಗಲಿವರನ ಕಥೆಯಲ್ಲಿ ಬರುವ ದೈತ್ಯರ ಊರಿನ ಹೆಸರು ಅವರ ಬಾಯಲ್ಲಿ ಹಾಗಾಯಿತು!

ಆ ಕಾಲದಲ್ಲಿ ಜಿಂಕೆ ಚರ್ಮಕ್ಕೆ ಒಳ್ಳೆಯ ಬೆಲೆ ಇತ್ತು. ಚಳಿಗಾಲ ಬಂದರೆ ಕೆಲವರು ತಿಂಗಳುಗಟ್ಟಲೆ ಮನೆ ಬಿಟ್ಟು ಬೆಟ್ಟದಾಚೆ ಹೋಗಿ, ನೂರಾರು ಚರ್ಮ ಕೂಡಿಹಾಕಿ ಮಾರಲು ತರುತ್ತಿದ್ದರು. ಇವರನ್ನು ಲಾಂಗ್ ಹಂಟರ್ಸ್ ಅನ್ನುತ್ತಿದ್ದರು, ದೀರ್ಘ ಬೇಟೆಯವರು. ಬೂನ್ ಕೂಡ ಹೀಗೇ ಸಂಸಾರ ಸಾಗಿಸಿದ. ಅಂದರೆ ಕಾಡು ಅವನಿಗೆ ಅಡ್ವೆಂಚರ್ ಅಲ್ಲ, ಕೆಲಸದ ಜಾಗ.

1755ರಲ್ಲಿ ಬ್ರಿಟಿಷ್ ಜನರಲ್ ಬ್ರಾಡಕ್ ಫ್ರೆಂಚರ ಮೇಲೆ ದಂಡೆತ್ತಿ ಹೋದಾಗ ಇಪ್ಪತ್ತು ವರ್ಷದ ಬೂನ್ ಸಾಮಾನಿನ ಗಾಡಿ ಹೊಡೆಯಲು ಸೇರಿಕೊಂಡ. ಮೊನಾಂಗಹೀಲಾ ನದಿಯ ಹತ್ತಿರ ಫ್ರೆಂಚರೂ ಅವರ ಜೊತೆಗಿದ್ದ ಮೂಲನಿವಾಸಿಗಳೂ ಆ ಸೈನ್ಯವನ್ನು ಚಿಂದಿ ಮಾಡಿದರು. ಬೂನ್ ಗಾಡಿಯ ಹಗ್ಗ ಕತ್ತರಿಸಿ ಕುದುರೆ ಹತ್ತಿ ಪಾರಾದ. ಆ ಸೋಲಿನ ದಂಡಯಾತ್ರೆಯಲ್ಲೇ ಅವನಿಗೆ ಜಾನ್ ಫಿನ್ಲೆ ಅನ್ನೋ ವ್ಯಾಪಾರಿ ಪರಿಚಯವಾಗಿದ್ದು. ಬೆಟ್ಟದಾಚೆ ಕೆಂಟಕಿ ಅನ್ನೋ ನಾಡಿದೆ, ಅಲ್ಲಿ ಕಾಡೆಮ್ಮೆ ಜಿಂಕೆ ಲೆಕ್ಕವಿಲ್ಲದಷ್ಟು ಅಂತ ಹೇಳಿದವನು ಅವನು. ಆ ಮಾತು ಬೂನ್ ತಲೆಯಿಂದ ಹೋಗಲೇ ಇಲ್ಲ.

ರೆಬೆಕಾ

ಬೂನ್ ಕಥೆ ಹೇಳೋರು ಹೆಚ್ಚಾಗಿ ಬಿಟ್ಟುಬಿಡೋ ಹೆಸರು ರೆಬೆಕಾ ಬ್ರಯನ್. 1756ರಲ್ಲಿ ಅವರ ಮದುವೆಯಾಯಿತು. ಹತ್ತು ಮಕ್ಕಳು. ಗಂಡ ಕಾಡಿಗೆ ಹೋದರೆ ಬರೋದು ತಿಂಗಳುಗಳ ಮೇಲೆ, ಒಮ್ಮೊಮ್ಮೆ ವರ್ಷಗಳ ಮೇಲೆ. ಹೊಲ, ದನ, ಮಕ್ಕಳು, ಸಾಲಗಾರರು ಎಲ್ಲವನ್ನೂ ನೋಡಿಕೊಂಡವಳು ಅವಳು. 1765ರಲ್ಲಿ ಬೂನ್ ಫ್ಲೋರಿಡಾ ನೋಡಿ ಬಂದು ಅಲ್ಲಿಗೆ ಹೋಗೋಣ ಅಂದಾಗ ರೆಬೆಕಾ ಒಪ್ಪಲಿಲ್ಲ, ಹೋಗಲಿಲ್ಲ. ಅದೊಂದು ಸಲ ಅವಳ ಮಾತು ನಡೆಯಿತು. ಆಮೇಲೆ ಜೀವನಪೂರ್ತಿ ಮನೆ ಬದಲಿಸಿದ್ದೇ ಬದಲಿಸಿದ್ದು.

ದಂತಕಥೆಯಲ್ಲಿ ರೆಬೆಕಾಗೆ ಒಂದೇ ಸೀನ್. ರಾತ್ರಿ ಪಂಜು ಹಿಡಿದು ಬೇಟೆಯಾಡುತ್ತಿದ್ದ ಬೂನ್‌ಗೆ ಎರಡು ಹೊಳೆಯುವ ಕಣ್ಣು ಕಂಡವಂತೆ, ಜಿಂಕೆ ಅಂತ ಗುರಿ ಇಟ್ಟನಂತೆ, ನೋಡಿದರೆ ಅದು ರೆಬೆಕಾ ಅಂತೆ. ಅವರ ಮಕ್ಕಳೇ ಇದು ನಡೆದಿಲ್ಲ ಅಂದರು. ಆದರೂ ಕಥೆ ಇವತ್ತಿಗೂ ಓಡಾಡ್ತಿದೆ.

ಬೇರೆಯವರ ನೆಲ

1769ರ ಮೇ 1ರಂದು ಬೂನ್, ಫಿನ್ಲೆ ಮತ್ತೆ ನಾಲ್ವರು ಕೆಂಟಕಿಗೆ ಹೊರಟರು. ನಡುವೆ ಅಪಲೇಶಿಯನ್ ಬೆಟ್ಟಗಳ ಉದ್ದನೆಯ ಗೋಡೆ. ಅದರಲ್ಲಿ ಒಂದು ಕಡೆ ಪ್ರಕೃತಿಯೇ ಬಿಟ್ಟ ಬಾಗಿಲಿನಂಥ ಕಣಿವೆ ಇದೆ, ಕಂಬರ್ಲ್ಯಾಂಡ್ ಗ್ಯಾಪ್ ಅಂತ. ಇದನ್ನು ಕಂಡುಹಿಡಿದವನು ಬೂನ್ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಮೂಲನಿವಾಸಿಗಳು ತಲೆಮಾರುಗಳಿಂದ ಅದರಲ್ಲಿ ಓಡಾಡುತ್ತಿದ್ದರು, ಅವರ ಯೋಧರ ಹಾದಿ ಅಲ್ಲೇ ಹಾಯುತ್ತಿತ್ತು. ಬೂನ್‌ಗಿಂತ ಮುಂಚೆ ಬಿಳಿಯರೂ ಅದನ್ನು ದಾಟಿದ್ದರು.

ಕೆಂಟಕಿ ಖಾಲಿ ಜಾಗವೂ ಆಗಿರಲಿಲ್ಲ. ಶಾನೀ, ಚೆರೋಕೀ ಮುಂತಾದ ಜನರ ಬೇಟೆಯ ನಾಡು ಅದು. 1763ರಲ್ಲಿ ಬ್ರಿಟಿಷ್ ರಾಜನೇ ಬೆಟ್ಟದ ಆಚೆ ವಸಾಹತಿನವರು ನೆಲೆಸಬಾರದು ಅಂತ ಆಜ್ಞೆ ಹೊರಡಿಸಿದ್ದ. 1768ರಲ್ಲಿ ಇರೊಕ್ವಾಯ್ ಜನರ ಜೊತೆ ಒಪ್ಪಂದ ಮಾಡಿಕೊಂಡು ಆ ಭಾಗ ನಮ್ಮದಾಯಿತು ಅಂದರು ಬ್ರಿಟಿಷರು. ಅಲ್ಲಿ ಬೇಟೆಯಾಡುತ್ತಿದ್ದ ಶಾನೀಗಳು ಇದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಪಕ್ಕದ ಮನೆಯವರು ನಮ್ಮ ಮನೆ ಮಾರಿದ ಹಾಗೆ, ಅಷ್ಟೇ.

ಆ ವರ್ಷ ಡಿಸೆಂಬರ್‌ನಲ್ಲಿ ಶಾನೀಗಳು ಬೂನ್‌ನನ್ನು ಹಿಡಿದು, ಕೂಡಿಹಾಕಿದ್ದ ಚರ್ಮವೆಲ್ಲ ಕಿತ್ತುಕೊಂಡು, ಇನ್ನು ಈ ಕಡೆ ಬರಬೇಡ ಅಂತ ಎಚ್ಚರಿಸಿ ಬಿಟ್ಟುಬಿಟ್ಟರು. ಅವರ ಲೆಕ್ಕದಲ್ಲಿ ಅವನು ಕಳ್ಳಬೇಟೆಗಾರ. ಬೂನ್ ಕೇಳಲಿಲ್ಲ. 1771ರವರೆಗೆ ಅಲ್ಲೇ ಅಲೆದ, ಕೆಲವು ತಿಂಗಳು ಪೂರಾ ಒಂಟಿಯಾಗಿ. ಎರಡು ವರ್ಷದ ಮೇಲೆ ಮನೆಗೆ ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ, ತಲೆಯಲ್ಲಿ ಮಾತ್ರ ಆ ನಾಡಿನ ಪೂರ್ತಿ ನಕ್ಷೆ ಇತ್ತು.

1773ರಲ್ಲಿ ಸುಮಾರು ಐವತ್ತು ಜನರನ್ನು ಸೇರಿಸಿಕೊಂಡು ಅಲ್ಲೇ ನೆಲೆಸಲು ಹೊರಟ. ಅಕ್ಟೋಬರ್ 10ರಂದು ಹಿಂದೆ ಸಾಮಾನು ತರುತ್ತಿದ್ದ ಸಣ್ಣ ಗುಂಪಿನ ಮೇಲೆ ದಾಳಿಯಾಯಿತು. ಅದರಲ್ಲಿದ್ದ ಬೂನ್‌ನ ಹಿರಿಮಗ ಜೇಮ್ಸ್‌ನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಅವನಿಗೆ ಹದಿನಾರು ವರ್ಷ, ನಮಗಿಂತ ಮೂರು ವರ್ಷ ಚಿಕ್ಕವನು. ನಮ್ಮ ನೆಲಕ್ಕೆ ಬರಬೇಡಿ ಅನ್ನೋ ಸಂದೇಶ ಅದು. ಗುಂಪು ವಾಪಸ್ ಹೋಯಿತು. ಇಲ್ಲಿಗೆ ಯಾರಾದರೂ ಸುಮ್ಮನಾಗುತ್ತಿದ್ದರು ಅನ್ಸುತ್ತೆ. ಬೂನ್ ಎರಡೇ ವರ್ಷಕ್ಕೆ ಮತ್ತೆ ಹೊರಟ.

ಮೂವತ್ತು ಕೊಡಲಿ, ಒಂದು ರಸ್ತೆ

ಈ ಸಲ ಅವನ ಹಿಂದೆ ಬಂಡವಾಳ ಇತ್ತು. ರಿಚರ್ಡ್ ಹೆಂಡರ್ಸನ್ ಅನ್ನೋ ಮಾಜಿ ಜಡ್ಜ್ ಟ್ರಾನ್ಸಿಲ್ವೇನಿಯಾ ಕಂಪನಿ ಅಂತ ಕಟ್ಟಿಕೊಂಡು, 1775ರ ಮಾರ್ಚ್‌ನಲ್ಲಿ ಚೆರೋಕೀ ಮುಖಂಡರಿಂದ ಸುಮಾರು 2 ಕೋಟಿ ಎಕರೆ ನೆಲದ ಹಕ್ಕನ್ನು 10,000 ಪೌಂಡ್ ಬೆಲೆಯ ಸಾಮಾನು ಕೊಟ್ಟು ಖರೀದಿಸಿದ. ಚೆರೋಕೀಗಳಲ್ಲೇ ಡ್ರ್ಯಾಗಿಂಗ್ ಕನೂ ಅನ್ನೋ ಯುವ ನಾಯಕ ಇದನ್ನು ಕಟುವಾಗಿ ವಿರೋಧಿಸಿದ. ಒಂದು ಪ್ರೈವೇಟ್ ಕಂಪನಿ ಹೀಗೆ ನೆಲ ಕೊಳ್ಳುವುದು ಬ್ರಿಟಿಷ್ ಕಾನೂನಿನಲ್ಲೂ ತಪ್ಪೇ. ರಿಯಲ್ ಎಸ್ಟೇಟ್ ಅಂದ್ರೆ ಆಗಲೂ ಹೀಗೇ ಇತ್ತು ಬಿಡಿ.

ಆ ನೆಲಕ್ಕೆ ದಾರಿ ಮಾಡುವ ಕೆಲಸ ಬೂನ್‌ದು. ಸುಮಾರು ಮೂವತ್ತು ಜನ ಕೊಡಲಿಯವರನ್ನು ಕರೆದುಕೊಂಡು ಹೊರಟ. ರೋಡ್ ರೋಲರ್ ಇಲ್ಲ, ಡೈನಮೈಟ್ ಇಲ್ಲ, ನಕ್ಷೆಯೂ ಇಲ್ಲ. ಪ್ರಾಣಿಗಳು ತುಳಿದ ಜಾಡು ಮತ್ತು ಮೂಲನಿವಾಸಿಗಳ ಹಳೆಯ ಹಾದಿಗಳನ್ನು ಒಂದಕ್ಕೊಂದು ಜೋಡಿಸುತ್ತಾ, ಮರಗಳಿಗೆ ಕಚ್ಚು ಹಾಕುತ್ತಾ, ಬಿದಿರಿನಂಥ ಪೊದೆ ಸವರುತ್ತಾ ಕಂಬರ್ಲ್ಯಾಂಡ್ ಗ್ಯಾಪ್ ದಾಟಿ ಕೆಂಟಕಿ ನದಿಯವರೆಗೆ ಹೋದರು. ಏಪ್ರಿಲ್ 1ರ ಹೊತ್ತಿಗೆ ನದಿ ದಂಡೆಯಲ್ಲಿ ಬೂನ್ಸ್‌ಬರೊ ಊರಿನ ಕೆಲಸ ಶುರುವಾಯಿತು. ವಿಲ್ಡರ್ನೆಸ್ ರೋಡ್ ಅಂತ ಹೆಸರಾದ ಈ ದಾರಿಯಲ್ಲಿ ಬಹಳ ವರ್ಷ ಗಾಡಿ ಕೂಡ ಹೋಗಲು ಆಗುತ್ತಿರಲಿಲ್ಲ, ಕುದುರೆ ಮತ್ತು ಕಾಲ್ನಡಿಗೆ ಮಾತ್ರ. ಆದರೂ ಜನ ನುಗ್ಗಿದರು. 1800ರ ಜನಗಣತಿಯಲ್ಲಿ ಕೆಂಟಕಿಯ ಜನಸಂಖ್ಯೆ 2,20,955. ಇಪ್ಪತ್ತೈದು ವರ್ಷದ ಹಿಂದೆ ಅಲ್ಲಿ ಬಿಳಿಯರ ಒಂದು ಊರು ಕೂಡ ನೆಟ್ಟಗಿರಲಿಲ್ಲ.

1776ರ ಜುಲೈ 14ರಂದು ಬೂನ್‌ನ ಮಗಳು ಜೆಮೈಮಾ ಮತ್ತು ರಿಚರ್ಡ್ ಕ್ಯಾಲವೇ ಅನ್ನೋನ ಇಬ್ಬರು ಹೆಣ್ಣುಮಕ್ಕಳು ನದಿಯಲ್ಲಿ ದೋಣಿಯಲ್ಲಿದ್ದಾಗ ಶಾನೀ ಮತ್ತು ಚೆರೋಕೀಗಳ ಗುಂಪೊಂದು ಅವರನ್ನು ಎಳೆದೊಯ್ಯಿತು. ಹುಡುಗಿಯರು ಬುದ್ಧಿವಂತರು, ದಾರಿಯುದ್ದಕ್ಕೂ ಕೊಂಬೆ ಮುರಿದು, ಬಟ್ಟೆ ಚೂರು ಬೀಳಿಸಿ ಗುರುತು ಬಿಟ್ಟರು. ಬೂನ್ ಎರಡನೇ ದಿನ ಅವರನ್ನು ಹಿಂದಿಕ್ಕಿ ಬಿಡಿಸಿಕೊಂಡು ಬಂದ. ಮುಂದೆ 1826ರಲ್ಲಿ ಜೇಮ್ಸ್ ಫೆನಿಮೋರ್ ಕೂಪರ್ ಬರೆದ ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್ ಕಾದಂಬರಿಗೆ ಸ್ಫೂರ್ತಿ ಈ ಘಟನೆಯೇ. ಕ್ಯಾಲವೇ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾನೆ.

ಎರಡನೇ ಅಪ್ಪ

ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿತ್ತು. ಶಾನೀಗಳಲ್ಲಿ ಹಲವರು ಬ್ರಿಟಿಷರ ಕಡೆ. 1777ರ ನವೆಂಬರ್‌ನಲ್ಲಿ ಶಾಂತಿ ಬಯಸಿ ಬಂದಿದ್ದ ಶಾನೀ ಮುಖಂಡ ಕಾರ್ನ್‌ಸ್ಟಾಕ್‌ನನ್ನು ಅಮೆರಿಕನ್ ಸೈನಿಕರು ತಮ್ಮ ಕೋಟೆಯಲ್ಲೇ ಇಟ್ಟುಕೊಂಡು ಕೊಂದುಹಾಕಿದರು. ಸೇಡಿಗೆ ಹೊರಟ ಮುಖಂಡ ಬ್ಲ್ಯಾಕ್‌ಫಿಶ್. 1778ರ ಫೆಬ್ರವರಿಯಲ್ಲಿ ಬೂನ್ ಮತ್ತು ಅವನ ಜನ ಬ್ಲೂ ಲಿಕ್ಸ್ ಅನ್ನೋ ಜಾಗದಲ್ಲಿ ಉಪ್ಪುನೀರು ಕುದಿಸಿ ಉಪ್ಪು ಮಾಡುತ್ತಿದ್ದರು. ಉಪ್ಪಿಲ್ಲದಿದ್ದರೆ ಮಾಂಸ ಕೆಡುತ್ತೆ, ಊರು ಉಪವಾಸ. ಬೇಟೆಗೆ ಹೋಗಿದ್ದ ಬೂನ್ ಬ್ಲ್ಯಾಕ್‌ಫಿಶ್ ಕೈಗೆ ಸಿಕ್ಕಿಬಿದ್ದ. ಆಗ ಬೂನ್ಸ್‌ಬರೊ ಕೋಟೆಯ ಗೋಡೆ ಇನ್ನೂ ಪೂರ್ತಿ ಆಗಿರಲಿಲ್ಲ. ಈಗಲೇ ದಾಳಿಯಾದರೆ ಹೆಂಗಸರು ಮಕ್ಕಳು ಉಳಿಯಲ್ಲ. ಬೂನ್ ಲೆಕ್ಕ ಹಾಕಿದ. ತನ್ನವರನ್ನು ಕಾದಾಡದೆ ಶರಣಾಗುವಂತೆ ಒಪ್ಪಿಸಿದ, ಊರಿನವರನ್ನು ಬೇಸಿಗೆಯಲ್ಲಿ ನಾನೇ ಕರೆತರುತ್ತೇನೆ ಅಂತ ಬ್ಲ್ಯಾಕ್‌ಫಿಶ್‌ನನ್ನು ನಂಬಿಸಿದ.

ಸೆರೆಸಿಕ್ಕವರನ್ನು ಓಹೈಯೋದ ಚಿಲಿಕಾಥಿ ಊರಿಗೆ ಒಯ್ದರು. ಕೆಲವರನ್ನು ಡೆಟ್ರಾಯಿಟ್‌ನಲ್ಲಿ ಬ್ರಿಟಿಷರಿಗೆ ಒಪ್ಪಿಸಿದರು. ಬ್ರಿಟಿಷ್ ಗವರ್ನರ್ ಬೂನ್‌ನನ್ನೂ ದುಡ್ಡು ಕೊಟ್ಟು ಕೇಳಿದ, ಬ್ಲ್ಯಾಕ್‌ಫಿಶ್ ಕೊಡಲಿಲ್ಲ. ಯಾಕಂದ್ರೆ ಅವನನ್ನು ಮಗನಾಗಿ ದತ್ತು ತೆಗೆದುಕೊಂಡಿದ್ದ. ಯುದ್ಧದಲ್ಲಿ ಸತ್ತವರ ಜಾಗಕ್ಕೆ ಸೆರೆಯವರನ್ನು ಮನೆಮಗನಾಗಿ ಸೇರಿಸಿಕೊಳ್ಳುವುದು ಶಾನೀಗಳ ಪದ್ಧತಿ. ಬೂನ್‌ಗೆ ಅವರಿಟ್ಟ ಹೆಸರು ಶೆಲ್ಟೊವೀ, ಅಂದರೆ ದೊಡ್ಡ ಆಮೆ. ನಾಲ್ಕು ತಿಂಗಳು ಅವನು ಅವರ ಜೊತೆ ಉಂಡ, ಬೇಟೆಯಾಡಿದ, ಮಗನಂತೆ ಇದ್ದ. ಅದರಲ್ಲಿ ಎಷ್ಟು ನಟನೆ, ಎಷ್ಟು ಪ್ರೀತಿ? ಅವನ ಸ್ವಂತ ಜನರೇ ಆಮೇಲೆ ಅದನ್ನೇ ಕೇಳಿದ್ದು.

ಜೂನ್‌ನಲ್ಲಿ ಬೂನ್ಸ್‌ಬರೊ ಮೇಲೆ ದೊಡ್ಡ ದಾಳಿಗೆ ತಯಾರಿ ನಡೆಯುತ್ತಿರುವುದು ಕಂಡು ಬೂನ್ ತಪ್ಪಿಸಿಕೊಂಡ. ಸುಮಾರು 160 ಮೈಲಿ, ಐದು ದಿನದೊಳಗೆ. ಊರಿಗೆ ಬಂದರೆ ಮನೆ ಖಾಲಿ. ಅವನು ಸತ್ತ ಅಂತ ರೆಬೆಕಾ ಮಕ್ಕಳನ್ನು ಕರೆದುಕೊಂಡು ನಾರ್ತ್ ಕೆರೊಲಿನಾಗೆ ವಾಪಸ್ ಹೋಗಿದ್ದಳು. ಕಾದಿದ್ದವಳು ಜೆಮೈಮಾ ಒಬ್ಬಳೇ.

ಸೆಪ್ಟೆಂಬರ್ 7ರಂದು ಬ್ಲ್ಯಾಕ್‌ಫಿಶ್ ನೂರಾರು ಯೋಧರೊಂದಿಗೆ ಬಂದ. ಹನ್ನೊಂದು ದಿನದ ಮುತ್ತಿಗೆ. ಮೊದಲು ಸಂಧಾನ ಆಯಿತು, ದತ್ತು ಅಪ್ಪ ಮಗ ಎದುರುಬದುರು ಕೂತು ಮಾತಾಡಿದರು. ಅದು ಮುರಿದುಬಿತ್ತು, ಗುಂಡು ಹಾರಿದವು. ದಾಳಿಕೋರರು ನದಿ ದಂಡೆಯಿಂದ ಕೋಟೆಯ ಕಡೆಗೆ ಸುರಂಗ ಕೂಡ ಕೊರೆದರು, ಮಳೆಗೆ ಅದು ಕುಸಿಯಿತು. ಹಸಿ ಮಣ್ಣಿನ ಶಿಯರ್ ಸ್ಟ್ರೆಂತ್ ಬಗ್ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಇಲ್ಲ. ಮುತ್ತಿಗೆ ಮುಗಿಯಿತು, ಕೋಟೆ ಉಳಿಯಿತು.

ಆಮೇಲೆ ಬೂನ್‌ಗೆ ಸಿಕ್ಕ ಬಹುಮಾನ ಕೋರ್ಟ್ ಮಾರ್ಷಲ್! ಜನರನ್ನು ಶರಣಾಗಿಸಿದ, ಶತ್ರುಗಳ ಜೊತೆ ಸೇರಿದ್ದ ಅಂತ ಆರೋಪ. ಆರೋಪ ಹೊರಿಸಿದವರಲ್ಲಿ ಒಬ್ಬ ಅದೇ ರಿಚರ್ಡ್ ಕ್ಯಾಲವೇ, ಎರಡು ವರ್ಷದ ಹಿಂದೆ ಯಾರ ಹೆಣ್ಣುಮಕ್ಕಳನ್ನು ಬೂನ್ ಬಿಡಿಸಿ ತಂದಿದ್ದನೋ ಅವನೇ. ಆದರೆ ಅವನ ಕಡೆಯಿಂದಲೂ ನೋಡಬೇಕು, ಉಪ್ಪಿನ ಜಾಗದಲ್ಲಿ ಸೆರೆಸಿಕ್ಕವರಲ್ಲಿ ಅವನ ಅಣ್ಣತಮ್ಮಂದಿರ ಮಕ್ಕಳೂ ಇದ್ದರು. ವಿಚಾರಣೆಯಲ್ಲಿ ಬೂನ್ ನಿರ್ದೋಷಿ ಅಂತ ತೀರ್ಪಾಯಿತು, ಮೇಜರ್ ಅಂತ ಬಡ್ತಿಯೂ ಸಿಕ್ಕಿತು. ಆದರೂ ಆ ಅವಮಾನದ ಬಗ್ಗೆ ಅವನು ಮಾತಾಡುತ್ತಿದ್ದದ್ದು ಬಹಳ ಕಮ್ಮಿ.

ನಷ್ಟಗಳು ಅಲ್ಲಿಗೆ ನಿಲ್ಲಲಿಲ್ಲ. 1780ರಲ್ಲಿ ಊರಿನವರು ಜಮೀನಿನ ಪತ್ರ ಕೊಳ್ಳಲು ಕೊಟ್ಟ ಸುಮಾರು 20,000 ಡಾಲರ್ ಹಣ ತೆಗೆದುಕೊಂಡು ವರ್ಜೀನಿಯಾಗೆ ಹೋಗುತ್ತಿದ್ದಾಗ, ದಾರಿಯ ಛತ್ರದಲ್ಲಿ ಮಲಗಿದ್ದಾಗ ಎಲ್ಲ ಕಳ್ಳತನವಾಯಿತು. ಕೆಲವರು ಹೋಗಲಿ ಅಂದರು, ಕೆಲವರು ವಾಪಸ್ ಕೇಳಿದರು. ಬೂನ್ ವರ್ಷಗಟ್ಟಲೆ ತೀರಿಸಿದ. ಅದೇ ವರ್ಷ ಜೊತೆಯಲ್ಲಿ ಬೇಟೆಗೆ ಬಂದ ತಮ್ಮ ಎಡ್ವರ್ಡ್ ಶಾನೀಗಳ ಗುಂಡಿಗೆ ಸತ್ತ. 1782ರ ಆಗಸ್ಟ್ 19ರಂದು ಅದೇ ಬ್ಲೂ ಲಿಕ್ಸ್‌ನಲ್ಲಿ ಯುದ್ಧ ನಡೆಯಿತು. ಇದು ಹೊಂಚುದಾಳಿ ಇರಬಹುದು ಅಂತ ಬೂನ್ ಎಚ್ಚರಿಸಿದ್ದ, ಉಳಿದವರು ಕೇಳದೆ ನದಿ ದಾಟಿದರು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಬ್ಬ ಬೂನ್‌ನ ಇನ್ನೊಬ್ಬ ಮಗ, ಇಸ್ರೇಲ್. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೈನ್ಯ ಶರಣಾಗಿ ಆಗಲೇ ಹತ್ತು ತಿಂಗಳಾಗಿತ್ತು.

ಒಂದು ಪುಸ್ತಕ, ಒಂದು ಬ್ರ್ಯಾಂಡ್

ಇಷ್ಟು ಕಳೆದುಕೊಂಡ ಮನುಷ್ಯ ಹೀರೋ ಆಗಿದ್ದು ಹೇಗೆ? 1784ರಲ್ಲಿ ಜಾನ್ ಫಿಲ್ಸನ್ ಅನ್ನೋ ಮೇಷ್ಟ್ರು ಕೆಂಟಕಿ ಬಗ್ಗೆ ಒಂದು ಪುಸ್ತಕ ಮತ್ತು ಮ್ಯಾಪ್ ಪ್ರಿಂಟ್ ಮಾಡಿಸಿದ. ಅವನ ಬಳಿ ಅಲ್ಲಿ ಜಮೀನಿತ್ತು, ಜನ ಬಂದರೆ ಬೆಲೆ ಏರುತ್ತೆ. ಪುಸ್ತಕದ ಕೊನೆಗೆ ಬೂನ್‌ನ ಸಾಹಸಗಳನ್ನು ಬೂನ್ ತಾನೇ ಹೇಳಿದ ಹಾಗೆ ಸೇರಿಸಿದ. ಘಟನೆಗಳು ಬೂನ್‌ನವು, ಭಾರೀ ಶೈಲಿಯ ಮಾತುಗಳು ಫಿಲ್ಸನ್‌ನವು. ಅದು ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹೋಯಿತು. ಐವತ್ತನೇ ವಯಸ್ಸಿಗೆ ಬೂನ್ ಯುರೋಪಿನಲ್ಲೂ ಫೇಮಸ್. ಅವನು ಸತ್ತ ಮೇಲೆ ಕವಿ ಬೈರನ್ ಕೂಡ ತನ್ನ ಡಾನ್ ಜುವಾನ್ ಕಾವ್ಯದಲ್ಲಿ ಅವನನ್ನು ಪ್ರಕೃತಿಯ ಮುಗ್ಧ ಮನುಷ್ಯನಾಗಿ ತಂದ. ಅಂದರೆ ಬೂನ್ ಹೆಸರು ಮೊದಲು ಬೆಳೆದದ್ದು ಜಮೀನಿನ ಜಾಹೀರಾತಾಗಿ.

ಸರ್ವೇ ತಪ್ಪಿದರೆ

ಈಗ ಬರುತ್ತೆ ನಮ್ಮ ಸಬ್ಜೆಕ್ಟ್. ಬೂನ್ ಆಮೇಲೆ ಸರ್ವೇಯರ್ ಆದ. ದಿಕ್ಸೂಚಿ ಮತ್ತು 66 ಅಡಿಯ ಚೈನ್ ಆ ಕಾಲದ ಸರ್ವೇಯರ್‌ಗಳ ಆಯುಧ. ವರ್ಜೀನಿಯಾದ 1779ರ ಕಾನೂನಿನ ಪ್ರಕಾರ ಕೆಂಟಕಿಯಲ್ಲಿ ಜಮೀನು ಬೇಕಾದರೆ ವಾರೆಂಟ್ ಕೊಳ್ಳಬೇಕು, ಯಾವ ಜಾಗ ಅಂತ ದಾಖಲು ಮಾಡಬೇಕು, ಸರ್ವೇ ಮಾಡಿಸಬೇಕು, ಆಮೇಲೆ ಹಕ್ಕುಪತ್ರ. ಆದರೆ ಇಡೀ ಪ್ರದೇಶಕ್ಕೆ ಒಂದು ಮೂಲ ಸರ್ವೇ ಆಗಿರಲೇ ಇಲ್ಲ. ಗಡಿ ಅಂದರೆ ಇಂಥ ಹಳ್ಳದ ತಿರುವಿನಲ್ಲಿರುವ ಓಕ್ ಮರದಿಂದ ಇಂಥ ದಿಕ್ಕಿಗೆ ಇಷ್ಟು ದೂರ ಅಂತ. ಮರ ಬಿದ್ದರೆ ಗಡಿಯೂ ಬಿತ್ತು! ಬೆಂಚ್‌ಮಾರ್ಕ್ ಇಲ್ಲದೆ ಲೆವೆಲಿಂಗ್ ಮಾಡಿದ ಹಾಗೆ. ಒಂದೇ ಜಾಗದ ಮೇಲೆ ಮೂರು ನಾಲ್ಕು ಜನರ ಹಕ್ಕು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಓಹೈಯೋ ನದಿಯ ಆಚೆ ದಡದಲ್ಲಿ 1785ರ ಕಾನೂನು ಆರು ಮೈಲಿ ಚೌಕದ ಗ್ರಿಡ್ ಹಾಕಿ, ಮೊದಲು ಸರ್ವೇ ಆಮೇಲೆ ಮಾರಾಟ ಅಂತ ಮಾಡಿತು. ಕೆಂಟಕಿಯಲ್ಲಿ ಮಾತ್ರ ಮೊದಲು ಮಾರಾಟ, ಆಮೇಲೆ ಜಗಳ.

ಬೂನ್ ಕೂಡ ಮುಗ್ಧ ಅಲ್ಲ. ಸಾವಿರಾರು ಎಕರೆಗೆ ಹಕ್ಕು ದಾಖಲಿಸಿ ಶ್ರೀಮಂತನಾಗುವ ಆಸೆ ಅವನಿಗೂ ಇತ್ತು. ಒಂದು ಕಾಲಕ್ಕೆ ಲೈಮ್‌ಸ್ಟೋನ್ ಊರಿನಲ್ಲಿ ಛತ್ರ ನಡೆಸಿದ, ಏಳು ಜನ ಕಪ್ಪು ಗುಲಾಮರನ್ನು ಇಟ್ಟುಕೊಂಡಿದ್ದ. ಸ್ವತಂತ್ರ ಮನುಷ್ಯನ ಸಂಕೇತ ಅಂತ ಅವನನ್ನು ಹೊಗಳುವ ಪುಸ್ತಕಗಳು ಇದನ್ನು ಹೇಳಲ್ಲ. ಆದರೆ ಕಾಗದಪತ್ರದಲ್ಲಿ ಅವನು ಅಜಾಗರೂಕ. ಕೆಲವನ್ನು ಸರಿಯಾಗಿ ದಾಖಲಿಸಲಿಲ್ಲ, ಕೆಲವಕ್ಕೆ ಬೇರೆಯವರ ಹಕ್ಕು ಮುಂಚೆಯೇ ಇತ್ತು. ತಾನು ಸರ್ವೇ ಮಾಡಿಕೊಟ್ಟ ಜಾಗ ಕೈತಪ್ಪಿದವರು ಅವನ ಮೇಲೇ ಕೇಸ್ ಹಾಕಿದರು. ಹೆಂಡರ್ಸನ್ ಖರೀದಿಯನ್ನು ವರ್ಜೀನಿಯಾ ಮೊದಲೇ ರದ್ದು ಮಾಡಿತ್ತು, ಆದರೂ ಕಂಪನಿಗೆ 2 ಲಕ್ಷ ಎಕರೆ ಪರಿಹಾರ ಕೊಟ್ಟಿತು. ದಾರಿ ಕಡಿದ ಬೂನ್‌ಗೆ ಅದರಲ್ಲಿ ಏನೂ ಸಿಗಲಿಲ್ಲ.

1798ರಲ್ಲಿ ಎರಡು ಘಟನೆ ಒಟ್ಟಿಗೆ ನಡೆದವು. ಕೆಂಟಕಿ ಸರ್ಕಾರ ಒಂದು ಕೌಂಟಿಗೆ ಬೂನ್ ಹೆಸರಿಟ್ಟು ಗೌರವಿಸಿತು. ಅದೇ ವರ್ಷ ಕೋರ್ಟಿಗೆ ಸಾಕ್ಷಿ ಹೇಳಲು ಬರಲಿಲ್ಲ ಅಂತ ಅವನ ಮೇಲೆ ವಾರೆಂಟ್ ಹೊರಟಿತು. ಹೆಸರಿಗೆ ಒಂದು ಕೌಂಟಿ ಸಿಕ್ಕಿತು, ಇರಲು ಜಾಗ ಇರಲಿಲ್ಲ. ಮರುವರ್ಷ ಅರವತ್ತು ದಾಟಿದ ಬೂನ್ ಮತ್ತು ರೆಬೆಕಾ ಮಕ್ಕಳು ಮೊಮ್ಮಕ್ಕಳ ಜೊತೆ ಅಮೆರಿಕವನ್ನೇ ಬಿಟ್ಟು ಮಿಸ್ಸೂರಿಗೆ ಹೋದರು. ಆಗ ಅದು ಸ್ಪೇನ್ ಆಡಳಿತದಲ್ಲಿತ್ತು. ಸ್ಪೇನಿನವರು ಜಮೀನು ಕೊಟ್ಟರು, ಆ ಭಾಗದ ನ್ಯಾಯಾಧೀಶನನ್ನಾಗಿಯೂ ಮಾಡಿದರು. 1803ರಲ್ಲಿ ಆ ಇಡೀ ಪ್ರದೇಶ ಅಮೆರಿಕದ ಪಾಲಾಯಿತು. ಬೂನ್ ಮತ್ತೆ ಕಾಗದ ಸರಿಮಾಡಿಸಿಕೊಂಡಿರಲಿಲ್ಲ, ಜಮೀನು ಮತ್ತೆ ಹೋಯಿತು. 1814ರಲ್ಲಿ ಅಮೆರಿಕದ ಸಂಸತ್ತು ಸುಮಾರು 850 ಎಕರೆ ವಾಪಸ್ ಕೊಟ್ಟಿತು. ಅದನ್ನೂ ಅವನು ಕೆಂಟಕಿಯ ಹಳೆಯ ಸಾಲ ತೀರಿಸಲು ಮಾರಿದ. ಅಷ್ಟರಲ್ಲಿ ರೆಬೆಕಾ ಇರಲಿಲ್ಲ, 1813ರ ಮಾರ್ಚ್‌ನಲ್ಲಿ ತೀರಿಕೊಂಡಿದ್ದಳು.

ಮಿಸ್ಸೂರಿಗೆ ಇನ್ನೂ ಕೆಲವರು ಬಂದಿದ್ದರು. ಓಹೈಯೋದಿಂದ ನೆಲ ಕಳೆದುಕೊಂಡು ಪಶ್ಚಿಮಕ್ಕೆ ಸರಿದ ಶಾನೀಗಳು. ಮುದುಕ ಬೂನ್ ತನ್ನ ಹಳೆಯ ಶಾನೀ ಪರಿಚಯದವರನ್ನು ಅಲ್ಲಿ ಭೇಟಿಯಾಗುತ್ತಿದ್ದ, ಜೊತೆಗೆ ಬೇಟೆಗೂ ಹೋಗುತ್ತಿದ್ದ. ಇಡೀ ಕಥೆಯಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಇದೇ ಜಾಗ. ಅವರು ಅವನ ಮಗನನ್ನು, ತಮ್ಮನನ್ನು ಕಳೆದವರ ಕಡೆಯವರು. ಅವನು ಅವರ ನೆಲಕ್ಕೆ ದಾರಿ ಕಡಿದವನು. ಆ ದಾರಿಯಲ್ಲಿ ಬಂದ ಜನಸಾಗರ ಇಬ್ಬರನ್ನೂ ಆಚೆ ತಳ್ಳಿತ್ತು.

ಮೂಳೆ ಮತ್ತು ಟೋಪಿ

1820ರಲ್ಲಿ ಚೆಸ್ಟರ್ ಹಾರ್ಡಿಂಗ್ ಅನ್ನೋ ಕಲಾವಿದ ಬಂದು ಅವನ ಚಿತ್ರ ಬರೆದ. ಬೂನ್‌ನನ್ನು ಎದುರಿಗೆ ಕೂರಿಸಿ ಬರೆದ ಚಿತ್ರ ಅದೊಂದೇ. ಅದರಲ್ಲಿರುವುದು ಹೀರೋ ಅಲ್ಲ, ಕೆನ್ನೆ ಇಳಿದ ಬಿಳಿಕೂದಲಿನ ಅಜ್ಜ. ಸೆಪ್ಟೆಂಬರ್ 26ರಂದು ಕೊನೆಮಗ ನೇಥನ್ ಮನೆಯಲ್ಲಿ, 85ನೇ ವಯಸ್ಸಿನಲ್ಲಿ ಬೂನ್ ತೀರಿಕೊಂಡ. ರೆಬೆಕಾ ಪಕ್ಕದಲ್ಲಿ ಹೂಳಿದರು.

ಸತ್ತ ಮೇಲೂ ಜಾಗ ಖಾಯಂ ಆಗಲಿಲ್ಲ. 1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಅವಶೇಷಗಳನ್ನು ಅಗೆದು ತಮ್ಮ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಒಯ್ದು ದೊಡ್ಡ ಸಮಾರಂಭ ಮಾಡಿದರು. ನೀವು ತಪ್ಪು ಗುಂಡಿ ಅಗೆದಿರಿ, ಬೂನ್ ಇನ್ನೂ ಇಲ್ಲೇ ಇದ್ದಾನೆ ಅಂತ ಮಿಸ್ಸೂರಿಯವರ ವಾದ. ಆಗ ತೆಗೆದಿದ್ದ ತಲೆಬುರುಡೆಯ ಅಚ್ಚನ್ನು 1983ರಲ್ಲಿ ಒಬ್ಬ ತಜ್ಞರು ನೋಡಿ ಇದು ಕಪ್ಪು ಮನುಷ್ಯನದ್ದಿರಬಹುದು ಅಂದರು. ಆ ಸ್ಮಶಾನದಲ್ಲಿ ಗುಲಾಮರನ್ನೂ ಹೂಳುತ್ತಿದ್ದರು. ಬರೀ ಅಚ್ಚು ನೋಡಿ ಹಾಗೆ ಹೇಳಲಾಗದು ಅಂತ ಬೇರೆ ತಜ್ಞರು. ಕೇಸ್ ಇನ್ನೂ ಓಪನ್. ಎರಡು ರಾಜ್ಯಗಳಲ್ಲೂ ಸಮಾಧಿ ಇದೆ.

ಇನ್ನು ಆ ಟೋಪಿ. 1950ರ ದಶಕದಲ್ಲಿ ಡೇವಿ ಕ್ರಾಕೆಟ್ ಅನ್ನೋ ಇನ್ನೊಬ್ಬ ಕಾಡಿನ ಹೀರೋ ಪಾತ್ರದಲ್ಲಿ ಫೆಸ್ ಪಾರ್ಕರ್ ಅನ್ನೋ ನಟ ರಕೂನ್ ಟೋಪಿ ಹಾಕಿ ಮಿಂಚಿದ್ದ. 1964ರಿಂದ 1970ರವರೆಗೆ ಬಂದ ಡೇನಿಯಲ್ ಬೂನ್ ಟಿವಿ ಸೀರಿಯಲ್‌ನಲ್ಲೂ ಅವನೇ ಹೀರೋ, ಮತ್ತೆ ತುಪ್ಪಳದ ಟೋಪಿ. ನೋಡಿದವರಿಗೆ ಬೂನ್ ಅಂದರೆ ಆ ಟೋಪಿಯೇ ಆಯಿತು. ತಾನು ಕರಡಿ ಕೊಂದೆ ಅಂತ ಬೂನ್ ಕೆತ್ತಿದ್ದಾನೆ ಅನ್ನೋ ಮರಗಳೂ ಹಲವು ಕಡೆ ಇದ್ದವು. ಕೆಲವದರಲ್ಲಿ ಅವನ ಹೆಸರಿನ ಕೊನೆಯ ಅಕ್ಷರವೇ ಇಲ್ಲ. ಸ್ಪೆಲ್ಲಿಂಗ್ ಎಷ್ಟೇ ಕೆಟ್ಟದಿದ್ದರೂ ತನ್ನ ಹೆಸರನ್ನು ಅವನು ಸರಿಯಾಗಿಯೇ ಬರೆಯುತ್ತಿದ್ದ.

ಅವನನ್ನು ಹೀರೋ ಅನ್ನಬೇಕಾ, ವಿಲನ್ ಅನ್ನಬೇಕಾ ಅಂತ ನಾವು ನಮ್ಮೊಳಗೇ ಜಗಳ ಆಡಿದ್ದಾಯಿತು. ಧೈರ್ಯ ಇತ್ತು, ಮಾತು ಉಳಿಸಿಕೊಂಡ, ಸಾಲ ತೀರಿಸಿದ. ಬೇರೆಯವರ ನೆಲ ಅಂತ ಗೊತ್ತಿದ್ದೂ ನುಗ್ಗಿದ, ಮನುಷ್ಯರನ್ನು ಕೊಂಡ. ಎರಡೂ ಅವನೇ. ನಾವೂ ನಾಳೆ ರಸ್ತೆ, ಡ್ಯಾಮ್, ಟವರ್ ಅಂತ ಏನೇನೋ ಕಟ್ಟೋರು. ಮೂವತ್ತು ಜನ ಕಡಿದ ಆ ದಾರಿಯಲ್ಲಿ ಮುಂದೆ ಯಾರು ಬರ್ತಾರೆ, ಯಾರು ಹೋಗಬೇಕಾಗುತ್ತೆ ಅನ್ನೋದು ಕೊಡಲಿ ಹಿಡಿದವನ ಕೈಯಲ್ಲಿ ಇರಲಿಲ್ಲ. ಆದರೆ ದಾರಿ ಶುರುವಾಗೋ ಮೊದಲು ಅಲ್ಲಿ ಯಾರು ಇದ್ದಾರೆ ಅಂತ ನೋಡೋದು ಅವನ ಕೈಯಲ್ಲಿತ್ತು. ಮುಂದಿನ ಸರ್ವೇ ಕ್ಯಾಂಪ್‌ನಲ್ಲಿ ಚೈನ್ ಎಳೆಯುವಾಗ ಆ ಅಜ್ಜನನ್ನು ಒಮ್ಮೆ ನೆನೆಸಿಕೊಳ್ಳಿ, ಟೋಪಿ ಇಲ್ಲದೆ.